ಕಿಡ್ನಿ ಬೆಚ್ಚಗಿಡುವ ಯಂತ್ರ: ಐದಕ್ಕೆ ಮೂರೂವರೆ

ದಾನಿಯಿಂದ ಬಂದ ಕಿಡ್ನಿಗೆ ಕಸಿಗೆ ಮುಂಚೆ ದೇಹದ ಹೊರಗೇ ಬೆಚ್ಚಗಿನ ರಕ್ತ ಹರಿಸುವ ಯಂತ್ರದ ಬಗ್ಗೆ ಇದು, ಆ ಕೆಲಸಕ್ಕೆ ನಾವು ವಾರ್ಮ್ ಪರ್ಫ್ಯೂಷನ್ ಅನ್ನುತ್ತೇವೆ. ಮೊದಲೇ ಅಂಕ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಯಾಕೆ ನಾಲ್ಕಲ್ಲ, ಯಾಕೆ ಎರಡಲ್ಲ ಅನ್ನುವುದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ಕಳೆದ ತಿಂಗಳು ಬೇರೊಂದು ಟ್ರಾನ್ಸ್‌ಪ್ಲಾಂಟ್ ಯೂನಿಟ್‌ನ ಹುಡುಗನೊಬ್ಬ ಫೋನ್ ಮಾಡಿದ್ದ. "ಮೇಡಂ, ನೀವು ನಾಲ್ಕು ವರ್ಷದಿಂದ ವಾರ್ಮ್ ಪರ್ಫ್ಯೂಷನ್ ನಡೆಸ್ತಾ ಇದೀರಂತೆ. ನಮ್ಮಲ್ಲೂ ತರಿಸೋ ಮಾತು ನಡೀತಿದೆ. ತಗೋಬಹುದಾ?" ಮುಕ್ಕಾಲು ಗಂಟೆ ಮಾತಾಡಿದೆವು. ಈ ವರ್ಷ ಇಂಥದ್ದು ಮೂರನೇ ಫೋನು. ಬರೆದಿಟ್ಟರೆ ನಾಲ್ಕನೆಯವರಿಗೆ ಕಳಿಸಬಹುದಲ್ಲ ಅನ್ನಿಸಿತು. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ದೂರುಗಳಲ್ಲಿ ಮುಕ್ಕಾಲು ಪಾಲು ಈ ಜಾತಿಯ ಯಂತ್ರಗಳಿಗೆಲ್ಲ ಹೊಂದುವಂಥವು. ಉಳಿದ ಕಾಲು ಪಾಲನ್ನು ಅವರ ಮುಖಕ್ಕೇ ಹೇಳಿಯಾಗಿದೆ.

ನಾನು ಮೂಲತಃ ಹಾರ್ಟ್ ಥಿಯೇಟರಿನವಳು. ಆಪರೇಷನ್ನಿಗೆ ಹೃದಯ ನಿಲ್ಲಿಸಿದಾಗ ರೋಗಿಯ ರಕ್ತ ಹೊರಗೆ ತಂದು, ಆಕ್ಸಿಜನ್ ಕೊಟ್ಟು, ಮತ್ತೆ ಒಳಗೆ ಕಳಿಸುವ ಹಾರ್ಟ್-ಲಂಗ್ ಮಷಿನ್ ನಡೆಸುವುದು ನನ್ನ ಕಸುಬು. ಹದಿನೈದು ವರ್ಷ ಅದೇ. ಕಿಡ್ನಿ ಯಂತ್ರ ಬಂದಾಗ "ಅದೂ ಪಂಪು, ಇದೂ ಪಂಪು, ನೀವೇ ನೋಡ್ಕೊಳಿ" ಎಂದು ನನ್ನ ಕೊರಳಿಗೆ ಕಟ್ಟಿದರು. ಪೂರ್ತಿ ತಪ್ಪೇನಲ್ಲ. ಮಕ್ಕಳ ಹಾರ್ಟ್ ಆಪರೇಷನ್ನಿಗೆ ಬಳಸುವ ಚಿಕ್ಕ ಆಕ್ಸಿಜನೇಟರ್, ಸಣ್ಣ ಟ್ಯೂಬು, ಸೆಂಟ್ರಿಫ್ಯೂಗಲ್ ಪಂಪು, ಇವನ್ನೇ ಜೋಡಿಸಿಕೊಂಡು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸಾರಾ ಹಾಸ್‌ಗುಡ್ ಮತ್ತು ಮೈಕೆಲ್ ನಿಕೋಲ್ಸನ್ ಈ ಕೆಲಸ ಶುರುಮಾಡಿದ್ದು. ಬೆಚ್ಚಗೆ ನಡೆಸಿದ ಕಿಡ್ನಿಯನ್ನು ಮನುಷ್ಯರಿಗೆ ಮೊದಲ ಸಲ ಹಾಕಿದ ಅವರ ವರದಿ ಬಂದದ್ದು 2011ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಅಲೆಕ್ಸಿಸ್ ಕ್ಯಾರೆಲ್ ಮತ್ತು ವಿಮಾನ ಹಾರಿಸಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್ 1935ರಲ್ಲೇ ಗಾಜಿನ ಪಂಪು ಮಾಡಿ ಪ್ರಾಣಿಗಳ ಅಂಗಗಳನ್ನು ದೇಹದ ಹೊರಗೆ ಬೆಚ್ಚಗಿಟ್ಟಿದ್ದರು. ಅಂದರೆ ಉಪಾಯ ಹಳೆಯದೇ. ಆದರೂ ಇಷ್ಟು ವರ್ಷ ಗೆದ್ದು ನಿಂತಿದ್ದು ಐಸು.

ಐಸ್ ಪೆಟ್ಟಿಗೆಯನ್ನು ಹೀಗಳೆದು ಈ ಯಂತ್ರ ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಐಸ್ ಪೆಟ್ಟಿಗೆಯಷ್ಟು ನಂಬಿಕಸ್ತ ಸಾಧನ ಥಿಯೇಟರಿನಲ್ಲಿ ಇನ್ನೊಂದಿಲ್ಲ. ದಾನಿಯ ದೇಹದಿಂದ ತೆಗೆಯುವಾಗಲೇ ರಕ್ತನಾಳದೊಳಗೆ ತಣ್ಣಗಿನ ದ್ರಾವಣ ಹರಿಸಿ ರಕ್ತ ತೊಳೆಯುತ್ತಾರೆ. ಕಿಡ್ನಿ ಬಣ್ಣ ಕಳೆದುಕೊಂಡು ಬೂದು ಬೂದಾಗುತ್ತದೆ. ಒಂದರೊಳಗೊಂದು ಮೂರು ಸ್ಟೆರೈಲ್ ಚೀಲ, ಸುತ್ತ ಜಜ್ಜಿದ ಐಸು, ಮುಚ್ಚಳ, ಲೇಬಲ್. ಮುಗಿಯಿತು. ಕರೆಂಟ್ ಬೇಡ, ಅಲಾರಂ ಇಲ್ಲ, ನಾನೂ ಬೇಡ. ಡ್ರೈವರ್ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ ಕಳಿಸಿದರೂ ಬಂದು ತಲುಪುತ್ತದೆ.

ಉಷ್ಣತೆ 10 ಡಿಗ್ರಿ ಇಳಿದಂತೆಲ್ಲ ಜೀವಕೋಶದ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 37 ಡಿಗ್ರಿಯಿಂದ 4 ಡಿಗ್ರಿಗೆ ತಂದರೆ ಉಳಿಯುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಆ ಹತ್ತರಲ್ಲೊಂದೇ ತೊಂದರೆ ಕೊಡುವುದು. ಕೋಶದೊಳಗಿನ ಸೋಡಿಯಂ ಹೊರಹಾಕುವ ಪಂಪು ಚಳಿಗೆ ನಿಂತುಹೋಗುತ್ತದೆ, ನೀರು ಒಳಗೆ ನುಗ್ಗಿ ಕೋಶ ಊದುತ್ತದೆ. ಅದನ್ನು ತಡೆಯುವುದಕ್ಕೆಂದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌತರ್ಡ್ 1980ರ ದಶಕದಲ್ಲಿ ಒಂದು ದ್ರಾವಣ ಮಾಡಿದರು. ಕೋಶದ ಗೋಡೆ ದಾಟದ ಲ್ಯಾಕ್ಟೋಬಯೋನೇಟ್, ರ‍್ಯಾಫಿನೋಸ್ ಮುಂತಾದವು ಅದರಲ್ಲಿ ಹೊರಗೇ ನಿಂತು ನೀರನ್ನು ಹಿಡಿದಿಡುತ್ತವೆ. ಇಂದಿಗೂ ಚೀಲದೊಳಗೆ ಸುರಿಯುವುದು ಅದನ್ನೋ ಅದರ ನೆಂಟರನ್ನೋ. ಅಷ್ಟಾದರೂ ಆಕ್ಸಿಜನ್ ಇಲ್ಲದ ಹೊತ್ತಿನಲ್ಲಿ ಕೋಶದೊಳಗೆ ಸಕ್ಸಿನೇಟ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತಾ ಹೋಗುತ್ತದೆ. ಕಸಿ ಮಾಡಿ ಕ್ಲಾಂಪ್ ತೆಗೆದು ರಕ್ತ ಬಿಟ್ಟ ಕೂಡಲೇ ಅದು ಭಗ್ಗನೆ ಉರಿದು, ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಕಸಿಯಾದ ಮೊದಲ ವಾರದಲ್ಲಿ ರೋಗಿಗೆ ಮತ್ತೆ ಡಯಾಲಿಸಿಸ್ ಬೇಕಾದರೆ ನಾವು ಡಿಜಿಎಫ್ ಅನ್ನುತ್ತೇವೆ. ವಾರ್ಡಿನಲ್ಲಿ ಹೇಳುವುದು "ಕಿಡ್ನಿ ಇನ್ನೂ ಮಲಗಿದೆ" ಎಂದು.

ಬೆಚ್ಚಗಿನ ಯಂತ್ರದ ಲೆಕ್ಕ ಬೇರೆ. ಕಸಿಗೆ ಮುಂಚೆ ದೇಹದ ಹೊರಗೇ ಕಿಡ್ನಿಗೆ ರಕ್ತ ಕೊಟ್ಟು ಎಬ್ಬಿಸು. ಪೆಟ್ಟು ಬೀಳುವುದಿದ್ದರೆ ಬಿಳಿ ರಕ್ತಕಣ ಇಲ್ಲದ, ಪ್ಲೇಟ್‌ಲೆಟ್ ಇಲ್ಲದ ಪಳಗಿದ ರಕ್ತದಲ್ಲೇ ಬೀಳಲಿ. ನಾವು ಬಳಸುವುದು ಬ್ಲಡ್ ಬ್ಯಾಂಕಿನಿಂದ ತಂದ ಒಂದು ಯೂನಿಟ್ ಓ ಗುಂಪಿನ ಪ್ಯಾಕ್ಡ್ ಸೆಲ್ಸ್, ಅಂದರೆ ಬರೀ ಕೆಂಪು ಕಣ. ಅದಕ್ಕೆ ರಿಂಗರ್ ದ್ರಾವಣ, ಮ್ಯಾನಿಟಾಲ್, ಡೆಕ್ಸಾಮೆಥಸೋನ್, ಹೆಪಾರಿನ್, ಸೋಡಾ ಬೈಕಾರ್ಬ್, ಒಂದು ಆ್ಯಂಟಿಬಯೋಟಿಕ್. ಪಕ್ಕದ ಸಿರಿಂಜ್ ಪಂಪುಗಳಲ್ಲಿ ಅಮೈನೋ ಆ್ಯಸಿಡ್, ಗ್ಲೂಕೋಸ್, ಇನ್ಸುಲಿನ್, ರಕ್ತನಾಳ ಸಡಿಲಿಸಲು ಪ್ರೋಸ್ಟಾಸೈಕ್ಲಿನ್. ಆಕ್ಸಿಜನೇಟರಿಗೆ 95 ಪಾಲು ಆಕ್ಸಿಜನ್, 5 ಪಾಲು ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸು. ಒತ್ತಡ 75, ಉಷ್ಣತೆ 36ರಿಂದ 37. ನಮ್ಮಲ್ಲಿ ಕಿಡ್ನಿ ಐಸಿನಲ್ಲೇ ಬರುತ್ತದೆ, ಕೊನೆಯ ಒಂದು ಗಂಟೆ ಮಾತ್ರ ಯಂತ್ರದ ಮೇಲೆ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಕಿಡ್ನಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಗಿನ ಜಾವ ನಾಲ್ಕೂಕಾಲು. ಬ್ಯಾಕ್ ಟೇಬಲ್ ಮೇಲೆ ನಮ್ಮ ಹಿರಿಯ ಸರ್ಜನ್ ಕೊಬ್ಬು ಬಿಡಿಸಿ, ಕಿಡ್ನಿಗೆ ರಕ್ತ ತರುವ ರೀನಲ್ ಆರ್ಟರಿಗೆ ಕ್ಯಾನುಲಾ ಎಂಬ ಕೊಳವೆ ಕಟ್ಟಿ, ಮೂತ್ರನಾಳಕ್ಕೆ ಒಂದು ತೆಳು ಟ್ಯೂಬು ಇಳಿಸಿ, ಎರಡೂ ಕೈಯಲ್ಲಿ ಎತ್ತಿ ನನ್ನ ಟ್ರೇ ಮೇಲೆ ಇಟ್ಟರು. ತೂಕ 190 ಗ್ರಾಂ, ಗಟ್ಟಿ, ಬೂದು. ಪಂಪು ಬಿಟ್ಟೆ. ಕ್ಯಾನುಲಾದ ಬಾಯಿಂದ ಕೆಂಪು ಒಳಗೆ ಹೋಯಿತು, ಕಿಡ್ನಿಯ ಮೇಲೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ತುದಿಯಲ್ಲಿ ಬೆರಳಚ್ಚಿನಷ್ಟು ಜಾಗ ಗುಲಾಬಿಯಾಯಿತು. ಅದರ ಪಕ್ಕ ಇನ್ನೊಂದು. ಎರಡೂ ಹರಡಿ ಕೂಡಿಕೊಂಡವು. ಮೂರು ನಿಮಿಷದಲ್ಲಿ ಇಡೀ ಕಿಡ್ನಿ ಬಣ್ಣ ಕಟ್ಟಿ ನಿಂತಿತ್ತು. ಗ್ಲೌಸ್ ಹಾಕಿದ ಬೆರಳಿನಿಂದ ಸರ್ಜನ್ ಮೆಲ್ಲಗೆ ಒತ್ತಿ ನೋಡಿದರು. ಮೆತ್ತಗಾಗಿತ್ತು, ಬೆಚ್ಚಗಿತ್ತು. ಹದಿನಾರನೇ ನಿಮಿಷಕ್ಕೆ ಮೂತ್ರನಾಳದ ಟ್ಯೂಬಿನ ತುದಿಯಲ್ಲಿ ಒಂದು ಹನಿ ಕಟ್ಟಿಕೊಂಡಿತು. ಬೀಳಲಿಲ್ಲ, ತೂಗಾಡುತ್ತಾ ನಿಂತಿತು. ನಾವು ಐದು ಜನ ವಯಸ್ಸಾದವರು, ಮಾಸ್ಕ್ ಹಾಕಿಕೊಂಡು, ಒಂದು ಹನಿ ಉಚ್ಚೆ ಯಾವಾಗ ಬೀಳುತ್ತದೆ ಎಂದು ಉಸಿರು ಬಿಗಿಹಿಡಿದು ನಿಂತಿದ್ದೆವು. ಬಿತ್ತು. ಸಿಸ್ಟರ್ ಒಬ್ಬರು ಚಪ್ಪಾಳೆ ತಟ್ಟಿಬಿಟ್ಟರು.

ಹೀಗೆ ಕಣ್ಣಾರೆ ಕಂಡಮೇಲೆ ಮನಸ್ಸು ಸೋಲುತ್ತದೆ. ಮೊದಲ ವರ್ಷ ನಾನು ಸಿಕ್ಕಿದವರಿಗೆಲ್ಲ ಐದಕ್ಕೆ ಐದು ಎಂದು ಹೇಳಿಕೊಂಡು ತಿರುಗಿದವಳು. ಅಂಕಿಗಳೂ ಹಾಗೇ ಇದ್ದವು. 2013ರಲ್ಲಿ ಲೆಸ್ಟರ್ ತಂಡ ಬರೆದದ್ದು ಹೀಗೆ: ಬೆಚ್ಚಗೆ ನಡೆಸಿದ 18 ಕಿಡ್ನಿಗಳಲ್ಲಿ ಮಲಗಿಕೊಂಡದ್ದು ಒಂದೇ ಒಂದು, ಶೇ 5.6. ಐಸಿನಲ್ಲೇ ಇದ್ದ 47ರಲ್ಲಿ 17, ಅಂದರೆ ಶೇ 36.2. ಇಂಥ ಅಂತರ ಕಂಡರೆ ಯಾರಿಗೆ ತಾನೇ ಯಂತ್ರ ಬೇಡ! ಆದರೆ ಅದು ಚೀಟಿ ಎತ್ತಿ ಹಂಚಿದ ಪರೀಕ್ಷೆಯಲ್ಲ. ಈ ಗುಂಪು, ಹಿಂದೆ ಮಾಡಿದ ಆ ಗುಂಪು ಎಂದು ಪಕ್ಕಪಕ್ಕ ಇಟ್ಟು ನೋಡಿದ್ದು. ಅದೇ ತಂಡ, ಕೇಂಬ್ರಿಡ್ಜ್‌ಗೆ ಬಂದ ಮೇಲೆ, ಸರಿಯಾದ ಪರೀಕ್ಷೆಯನ್ನೂ ಮಾಡಿತು. ಹೃದಯ ನಿಂತ ಮೇಲೆ ದಾನವಾದ 338 ಕಿಡ್ನಿಗಳು, ಕೆಲವಕ್ಕೆ ಕೊನೆಯ ಒಂದು ಗಂಟೆ ಬೆಚ್ಚಗಿನ ಪಂಪು, ಉಳಿದವಕ್ಕೆ ಬರೀ ಐಸು. 2023ರಲ್ಲಿ ಫಲಿತಾಂಶ ಬಂತು. ಪಂಪಿನದರಲ್ಲಿ ಮಲಗಿದ್ದು ಶೇ 60.7, ಐಸಿನದರಲ್ಲಿ ಶೇ 58.3. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಪಾಯವಿಲ್ಲ ಅನ್ನುವುದು ಮಾತ್ರ ಗಟ್ಟಿಯಾಯಿತು.

ಆ ಲೇಖನ ಓದಿದ ದಿನ ನಮ್ಮ ಸರ್ಜನ್ ಪ್ರಿಂಟ್ ತೆಗೆದು ಯಂತ್ರದ ಮೇಲೇ ಅಂಟಿಸಿಟ್ಟರು. "ನಿಮ್ಮ ಮಗೂಗೆ ಮಾರ್ಕ್ಸ್ ಕಾರ್ಡ್ ಬಂದಿದೆ ನೋಡಿ" ಎಂದರು. ಒಂದೂವರೆ ಅಂಕ ಕಳೆದದ್ದು ಮುಖ್ಯವಾಗಿ ಅಲ್ಲಿಯೇ. ಸಂರಕ್ಷಣೆ ಎಂದು ಮಾರುತ್ತಿರುವ ವಸ್ತು, ಹೀಗೆ ಒಂದು ಗಂಟೆ ಬಳಸಿದರೆ, ಸಂರಕ್ಷಣೆಯಲ್ಲಿ ಪೆಟ್ಟಿಗೆಗಿಂತ ಮೇಲು ಎಂದು ಸಾಬೀತಾಗಿಲ್ಲ. ತರಿಸುವವರು ಇದನ್ನು ತಿಳಿದೇ ತರಿಸಬೇಕು.

ಹಾಗಾದರೆ ಮೂರೂವರೆ ಯಾತಕ್ಕೆ? ಎರಡು ರಾತ್ರಿಗಳ ಕತೆ ಹೇಳುತ್ತೇನೆ.

ಒಂದು ಕಿಡ್ನಿ ಬೇರೆ ಯೂನಿಟ್‌ಗಳು ಬೇಡ ಎಂದ ಮೇಲೆ ನಮಗೆ ಬಂತು. ದಾನಿಯ ದೇಹದಲ್ಲಿ ತೊಳೆಯುವಾಗ ದ್ರಾವಣ ಎಲ್ಲ ಕಡೆಗೂ ಹೋಗಿರಲಿಲ್ಲ. ಕಿಡ್ನಿಯ ಮೈಯೆಲ್ಲ ಕಪ್ಪು, ನೇರಳೆ ಮಚ್ಚೆ. ಅದು ಒಳಗೆ ಸಿಕ್ಕಿಕೊಂಡ ಹಳೆ ರಕ್ತವೋ, ಹೆಪ್ಪುಗಟ್ಟಿ ಸತ್ತ ಭಾಗವೋ, ಕಣ್ಣಿಗೆ ಎರಡೂ ಒಂದೇ. ಐಸ್ ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಮುಚ್ಚಳ ತೆಗೆದು ಎಷ್ಟು ಸಲ ನೋಡಿದರೂ ಅದೇ ಮುಖ. ಹೀಗಿದ್ದರೆ ಕೈಬಿಡುವುದೇ ರೂಢಿ, ಯಾರನ್ನೂ ದೂರುವ ಹಾಗಿಲ್ಲ. ಸರ್ಜನ್ "ಹಾಕಿ ನೋಡೋಣ, ಒಂದು ಗಂಟೆ ಹೋದರೆ ಹೋಗುತ್ತೆ" ಎಂದರು. ಹಾಕಿದೆ. ಹತ್ತು ನಿಮಿಷ ಹೆದರಿಕೆ ಹುಟ್ಟಿಸುವ ಹಾಗಿತ್ತು, ಫ್ಲೋ, ಅಂದರೆ ಹರಿಯುವ ರಕ್ತ, ನಿಮಿಷಕ್ಕೆ 60 ಎಂಎಲ್ ಕೂಡ ಇಲ್ಲ. ಪ್ರೋಸ್ಟಾಸೈಕ್ಲಿನ್ ಹನಿ ಹನಿಯಾಗಿ ಹೋಗುತ್ತಿತ್ತು. ಹನ್ನೆರಡನೇ ನಿಮಿಷದ ಹೊತ್ತಿಗೆ ಕೆಳತುದಿಯ ಮಚ್ಚೆ ಅಂಚಿನಿಂದ ತೆಳುವಾಗತೊಡಗಿತು. ಇಪ್ಪತ್ತಕ್ಕೆ ಅರ್ಧ ಹೋಗಿತ್ತು.

"ಸರ್, ಫ್ಲೋ ಏರ್ತಿದೆ."

"ಎಷ್ಟು?"

"ನೂರಾ ನಲವತ್ತು. ನೂರಾ ಐವತ್ತೈದು."

"ಯೂರಿನ್?"

"ಟ್ಯೂಬಲ್ಲಿ ಕಾಣ್ತಿದೆ."

ಗಂಟೆ ಮುಗಿಯುವಾಗ ಒಂದೇ ಒಂದು ಕಡೆ, ಉಗುರಿನಷ್ಟಗಲ, ನೇರಳೆ ಉಳಿದಿತ್ತು. ಆ ಕಿಡ್ನಿ ಹಾಕಿಸಿಕೊಂಡ ಹೆಂಗಸು ಈಗಲೂ ಮೂರು ತಿಂಗಳಿಗೊಮ್ಮೆ ಚೆಕಪ್ಪಿಗೆ ಬರುತ್ತಾರೆ. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ ಹೇಳುತ್ತಾರೆ, ನಾನು ಯಾರು ಎಂದು ಅವರಿಗೆ ಗೊತ್ತಿಲ್ಲ.

ಇನ್ನೊಂದು ರಾತ್ರಿ ಉಲ್ಟಾ. ದಾನಿಯ ಕಾಗದಪತ್ರ ಚೆನ್ನಾಗಿತ್ತು, ಕಿಡ್ನಿ ನೋಡಲೂ ಲಕ್ಷಣವಾಗಿತ್ತು. ಯಂತ್ರ ಇಲ್ಲದಿದ್ದರೆ ಯಾರೂ ಎರಡನೇ ಸಲ ಯೋಚಿಸದೆ ಹಾಕುತ್ತಿದ್ದರು. ಪಂಪಿಗೆ ಹಾಕಿದರೆ ಬಣ್ಣವೇ ಬರಲೊಲ್ಲದು. ನಮ್ಮಲ್ಲಿ ಹಾಸ್‌ಗುಡ್ ಅವರ ಅಂಕಪಟ್ಟಿಯನ್ನೇ ಅನುಸರಿಸುತ್ತೇವೆ. ಬಣ್ಣ ಎಷ್ಟು ಸಮವಾಗಿ ಬಂತು, 100 ಗ್ರಾಂ ತೂಕಕ್ಕೆ ನಿಮಿಷಕ್ಕೆ 50 ಎಂಎಲ್ ಆದರೂ ರಕ್ತ ಹರಿಯಿತೇ, ಗಂಟೆಗೆ 43 ಎಂಎಲ್ ಆದರೂ ಮೂತ್ರ ಬಂತೇ. ಮೂರನ್ನೂ ಕೂಡಿಸಿ 1ರಿಂದ 5. ಒಂದು ಅಂದರೆ ಉತ್ತಮ, ಐದು ಅಂದರೆ ಬೇಡ. ಈ 50 ಅನ್ನುವುದು ಬಹಳ ಉದಾರ. ದೇಹದೊಳಗೆ ಆರೋಗ್ಯವಾಗಿರುವ ಕಿಡ್ನಿ 100 ಗ್ರಾಮಿಗೆ ಮುನ್ನೂರು, ನಾನೂರು ಎಂಎಲ್ ಕುಡಿಯುತ್ತದೆ. ಆ ಉದಾರ ಗೆರೆಯನ್ನೂ ಇದು ಮುಟ್ಟಲಿಲ್ಲ. ಗಂಟೆ ತುಂಬಿದರೂ 31. ಮೂತ್ರದ ಟ್ಯೂಬು ಒಣಗಿತ್ತು. ಅಂಕ ಐದು.

ಕೆಳಗಿನ ಮಹಡಿಯಲ್ಲಿ ರೋಗಿ ಗೌನ್ ಹಾಕಿಕೊಂಡು, ಕೈಗೆ ಡ್ರಿಪ್ ಹಾಕಿಸಿಕೊಂಡು ಕಾಯುತ್ತಿದ್ದರು. ಆರು ವರ್ಷದಿಂದ ಡಯಾಲಿಸಿಸ್. ಸರ್ಜನ್ ಹೋಗಿ ಹೇಳಿ ಬಂದರು. ಬಂದವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, "ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ಅವರ ಹೆಂಡತಿ ಅತ್ತರು ಮೇಡಂ. ಹಾಕಿದ ಮೇಲೆ ಕೆಲಸ ಮಾಡದೆ ಇದ್ದಿದ್ದರೆ ಇನ್ನೂ ಏನು ಹೇಳ್ತಿದ್ದರೋ" ಎಂದರು. ಆಮೇಲೆ ಬಯಾಪ್ಸಿ ರಿಪೋರ್ಟ್ ಬಂತು, ಒಳಗಿನ ಸೂಕ್ಷ್ಮ ರಕ್ತನಾಳಗಳ ತುಂಬ ಹೆಪ್ಪು. ರಿಪೋರ್ಟ್ ಬರುವವರೆಗೆ ನನಗೆ ನಿದ್ದೆ ಹತ್ತಿರಲಿಲ್ಲ ಅನ್ನುವುದನ್ನೂ ಬರೆದುಬಿಡುತ್ತೇನೆ. ಯಂತ್ರದ ಮಾತು ನಂಬಿ ಒಂದು ಕಿಡ್ನಿ ಬೇಡ ಎನ್ನುವುದಕ್ಕೆ ಗುಂಡಿಗೆ ಬೇಕು, ಯಾಕೆಂದರೆ ಬೇಡ ಎಂದದ್ದು ತಪ್ಪೋ ಸರಿಯೋ ಎಂದು ಹಾಕಿ ನೋಡುವ ಅವಕಾಶ ಮತ್ತೆ ಇರುವುದಿಲ್ಲ. ಅಂಕ ನಾಲ್ಕು ಬಂದಾಗಲಂತೂ ಥಿಯೇಟರಿನಲ್ಲಿ ಜಗಳವೇ ಆಗುತ್ತದೆ.

ಈ ಎರಡು ರಾತ್ರಿಗಳಿಗಾಗಿ ನಾನು ಈ ಯಂತ್ರ ಇಟ್ಟುಕೊಳ್ಳುತ್ತೇನೆ. ಇದನ್ನು ಪೆಟ್ಟಿಗೆಯ ಸಾಲಿನಲ್ಲಿ ಇಡಬೇಡಿ, ಪರೀಕ್ಷೆಯ ಮೇಜಿನ ಸಾಲಿನಲ್ಲಿ ಇಡಿ. ಚೆನ್ನಾಗಿರುವ ಕಿಡ್ನಿಗೆ ಇದು ಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲೇ ಕೆಲವರು ಒಪ್ಪುವುದಿಲ್ಲ. ಬಂದದ್ದನ್ನೆಲ್ಲ ಪಂಪಿಗೆ ಹಾಕಬೇಕು ಎನ್ನುತ್ತಾರೆ. ರಾತ್ರಿ ಎದ್ದು ಬರುವವಳು ನಾನು, ಅವರಲ್ಲ.

ಇನ್ನು ದೂರುಗಳು. ದೊಡ್ಡ ದೂರು ಒಂದೇ. ಐಸ್ ಪೆಟ್ಟಿಗೆ ಕೆಡುವುದಿಲ್ಲ, ಇದು ಕೆಡುತ್ತದೆ. ರಕ್ತದ ಬದಲು ತಣ್ಣಗಿನ ದ್ರಾವಣ ಹರಿಸುವ ತಣ್ಣಗಿನ ಪರ್ಫ್ಯೂಷನ್ ಯಂತ್ರದಲ್ಲಿ ಪಂಪು ನಿಂತರೂ ಕಿಡ್ನಿ ಐಸಿನ ನಡುವೆಯೇ ಇರುತ್ತದೆ, ಅದೇ ಪೆಟ್ಟಿಗೆಯಾಯಿತು. ಬೆಚ್ಚಗಿನದರಲ್ಲಿ ಪಂಪು ನಿಂತಿತೋ, 37 ಡಿಗ್ರಿಯಲ್ಲಿ ರಕ್ತವಿಲ್ಲದೆ ಕಿಡ್ನಿ ನಿಮಿಷ ನಿಮಿಷಕ್ಕೂ ಕೆಡುತ್ತಾ ಹೋಗುತ್ತದೆ. ನಮಗೆ ಒಂದು ಸಲ ಆಗಿದೆ. ನಲವತ್ತನೇ ನಿಮಿಷದಲ್ಲಿ ಪಂಪಿನಿಂದ ಬರುವ ರಕ್ತದ ಬಣ್ಣ ಸ್ವಲ್ಪ ಕಂದಿದ ಹಾಗೆ ಕಂಡಿತು. ಪರದೆಯ ಮೇಲೆ ಎಲ್ಲ ಹಸಿರು, ಒತ್ತಡ ಸರಿ, ಫ್ಲೋ ಸರಿ, ಉಷ್ಣತೆ ಸರಿ. ಬ್ಲಡ್ ಗ್ಯಾಸ್ ತೆಗೆದರೆ ಆಕ್ಸಿಜನ್ ಪಾತಾಳಕ್ಕಿಳಿದಿತ್ತು. ಸಿಲಿಂಡರ್ ಖಾಲಿ. ಸಿಲಿಂಡರಿನ ಗ್ಯಾಸ್ ಮುಗಿದರೆ ಕೂಗುವ ಅಲಾರಂ ನಮ್ಮ ಮಾಡೆಲ್ಲಿನಲ್ಲಿ ಇರಲಿಲ್ಲ! ಹಾರ್ಟ್ ಥಿಯೇಟರಿನಲ್ಲಿ ರಕ್ತದ ಬಣ್ಣ ನೋಡಿ ನೋಡಿ ಪಳಗಿದ ಕಣ್ಣು ಇದ್ದದ್ದಕ್ಕೆ ಬಚಾವು. ಹೊಸ ಸಿಲಿಂಡರ್ ತಿರುಗಿಸುವವರೆಗೆ ಎರಡು ನಿಮಿಷ, ಎದೆ ಹೊಡೆದುಕೊಳ್ಳುವ ಸದ್ದು ಮಾಸ್ಕಿನೊಳಗೆ ಕೇಳಿಸುತ್ತಿತ್ತು. ಕಂಪನಿಯವರನ್ನು ಕೇಳಿದರೆ "ಶುರು ಮಾಡುವ ಮುಂಚೆ ಸಿಲಿಂಡರ್ ನೋಡಬೇಕೆಂದು ಮ್ಯಾನುಯಲ್‌ನಲ್ಲಿದೆಯಲ್ಲ ಮೇಡಂ" ಎಂದರು. ಇದೆ, ನಿಜ. ನಾನು ನೋಡಿರಲಿಲ್ಲ, ಅದೂ ನಿಜ. ಅಂದಿನಿಂದ ಐಸು, ತಣ್ಣಗಿನ ದ್ರಾವಣದ ಬಾಟಲಿ, ಒಂದು ಡ್ರಿಪ್ ಸೆಟ್ ಯಂತ್ರದ ಪಕ್ಕದಲ್ಲೇ ಸಿದ್ಧವಾಗಿರುತ್ತವೆ. ಏನೇ ಆದರೂ ತೊಳೆದು ಐಸಿಗೆ ಹಾಕಿದರಾಯಿತು. ಅಂದರೆ ಪೆಟ್ಟಿಗೆಗೆ ರಜೆ ಇಲ್ಲ.

ಕ್ಯಾನುಲಾ ಕಟ್ಟುವುದು ಇನ್ನೊಂದು ಗೋಳು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ಒಂದು ತುಂಡು ಸಮೇತ ಆರ್ಟರಿ ಬಂದರೆ ಸರಾಗ. ಕಿಡ್ನಿಗೆ ಎರಡು ಆರ್ಟರಿ ಇದ್ದು, ಒಂದನ್ನು ತೆಗೆಯುವಾಗ ಗಿಡ್ಡ ಕತ್ತರಿಸಿಬಿಟ್ಟಿದ್ದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಸಣ್ಣ ಸಣ್ಣ ಕೊಂಬೆ ನಾಳಗಳನ್ನು ಕಟ್ಟದೆ ಬಿಟ್ಟಿದ್ದರೆ ಪಂಪು ಬಿಟ್ಟ ಕೂಡಲೇ ಎಲ್ಲೆಲ್ಲಿಂದಲೋ ಚಿಮ್ಮುತ್ತದೆ. ಐಸಿನಲ್ಲಿ ಇವೆಲ್ಲ ಕಾಣುವುದೇ ಇಲ್ಲ, ರೋಗಿಯ ಹೊಟ್ಟೆಯೊಳಗೆ ಕ್ಲಾಂಪ್ ತೆಗೆದಾಗ ಕಾಣುತ್ತವೆ. ಹಾಗೆ ನೋಡಿದರೆ ಇದು ದೂರಲ್ಲ, ಲಾಭವೇ. ಆದರೆ ಬೆಳಗಿನ ಜಾವ ಮೂರಕ್ಕೆ ಮುಖದ ಶೀಲ್ಡಿಗೆ ರಕ್ತ ಚಿಮ್ಮಿದಾಗ ಲಾಭ ಅನ್ನಿಸುವುದಿಲ್ಲ.

ಬಿಸಾಡುವ ಸಾಮಾನು ಬಹಳ. ಪ್ರತಿ ಕಿಡ್ನಿಗೂ ಹೊಸ ಆಕ್ಸಿಜನೇಟರ್, ಹೊಸ ಟ್ಯೂಬುಗಳು, ಒಂದು ಯೂನಿಟ್ ರಕ್ತ. ಜೋಡಿಸಿ, ಗಾಳಿಗುಳ್ಳೆ ತಟ್ಟಿ ತಟ್ಟಿ ತೆಗೆಯಲು ನನಗೆ ನಲವತ್ತು ನಿಮಿಷ, ಹೊಸಬರಿಗೆ ಒಂದೂಕಾಲು ಗಂಟೆ. ಪಂಪು ತಿರುಗಿ ತಿರುಗಿ ಕೆಂಪು ಕಣಗಳು ಒಡೆಯುವುದು ಇನ್ನೊಂದು ತಲೆನೋವು. ಹಾಗಾದಾಗ ಮೂತ್ರ ಗುಲಾಬಿಯಾಗಿ ಬರುತ್ತದೆ, ಹೊಸ ರೆಸಿಡೆಂಟ್‌ಗಳು ಗಾಬರಿಯಾಗುತ್ತಾರೆ. ಒಂದು ಗಂಟೆಗೆ ಇದು ಲೆಕ್ಕಕ್ಕಿಲ್ಲ. ಹತ್ತು ಗಂಟೆ ನಡೆಸುವವರಿಗೆ ಲೆಕ್ಕಕ್ಕಿದೆ.

"ತಣ್ಣಗಿನ ಪಂಪು ಸಾಲದೇ?" ಎಂದು ಫೋನಿನ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಬರೀ ಸಂರಕ್ಷಣೆ ಬೇಕಾದರೆ ನಾನು ಅದನ್ನೇ ಮೊದಲು ತರಿಸು ಎಂದೆ. 2009ರಲ್ಲಿ ಯುರೋಪಿನಲ್ಲಿ 336 ದಾನಿಗಳ ಎರಡೆರಡು ಕಿಡ್ನಿಗಳಲ್ಲಿ ಒಂದನ್ನು ತಣ್ಣಗಿನ ಪಂಪಿಗೆ, ಇನ್ನೊಂದನ್ನು ಐಸಿಗೆ ಹಾಕಿ ಚೊಕ್ಕವಾಗಿ ನೋಡಿದ್ದಾರೆ. ಡಿಜಿಎಫ್ ಶೇ 26.5ರಿಂದ 20.8ಕ್ಕೆ ಇಳಿಯಿತು. ವರ್ಷ ಕಳೆದಾಗ ಐಸಿನ ಕಿಡ್ನಿಗಳಲ್ಲಿ ಶೇ 90, ಪಂಪಿನವುಗಳಲ್ಲಿ ಶೇ 94 ಇನ್ನೂ ನಡೆಯುತ್ತಿದ್ದವು. ದೊಡ್ಡ ಅದ್ಭುತವಲ್ಲ, ಆದರೆ ನಿಜವಾದ ಲಾಭ, ಅದೂ ನನ್ನಂಥವರನ್ನು ರಾತ್ರಿ ಎಬ್ಬಿಸದೆ. ಅದಕ್ಕೆ ಬರದ ಕೆಲಸ ಒಂದೇ. ಚಳಿಯಲ್ಲಿ ಕಿಡ್ನಿ ಮೂತ್ರ ಮಾಡುವುದಿಲ್ಲ, ಆದ್ದರಿಂದ ಒಳಗೆ ಏನಿದೆ ಎಂದು ಪೂರ್ತಿ ಹೇಳುವುದಿಲ್ಲ.

ಬೆಚ್ಚಗಿನದರ ಅಸಲಿ ಪರೀಕ್ಷೆ ಇನ್ನೂ ಮುಗಿದಿಲ್ಲ ಎಂಬುದೂ ಅಷ್ಟೇ ನಿಜ. ಮೇಲೆ ನೆನಪಿಟ್ಟುಕೊಳ್ಳಿ ಎಂದೆನಲ್ಲ, ನಾವು ಮಾಡುವುದು ಕೊನೆಯ ಒಂದು ಗಂಟೆ. ಕಿಡ್ನಿ ಅಷ್ಟರಲ್ಲಿ ಹತ್ತು ಹದಿನೈದು ಗಂಟೆ ಐಸಿನಲ್ಲಿ ಕಳೆದಿರುತ್ತದೆ. ರಾತ್ರಿಯಿಡೀ ಚಳಿಯಲ್ಲಿ ನಿಲ್ಲಿಸಿ ಬೆಳಗ್ಗೆ ಒಂದು ಗಳಿಗೆ ಕಂಬಳಿ ಹೊದಿಸಿದ ಹಾಗೆ. ಲಿವರಿನವರು ಹಾಗೆ ಮಾಡಲಿಲ್ಲ. 2018ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ದಾನಿಯ ಆಸ್ಪತ್ರೆಯಿಂದಲೇ ಲಿವರನ್ನು ಬೆಚ್ಚಗಿನ ಯಂತ್ರದಲ್ಲಿ ಹೊತ್ತು ತಂದರು. ಹೆಚ್ಚು ಹೊತ್ತು ಇಟ್ಟರೂ ಪೆಟ್ಟು ಕಡಿಮೆ, ಬಿಸಾಡಬೇಕಾದ ಲಿವರುಗಳು ಐಸಿನದರ ಅರ್ಧದಷ್ಟೇ. ಕಿಡ್ನಿಯಲ್ಲೂ ಉದ್ದಕ್ಕೆ ನಡೆಸುವ ಪ್ರಯತ್ನ ಟೊರೊಂಟೊ, ಆಕ್ಸ್‌ಫರ್ಡ್‌ಗಳಲ್ಲಿ ನಡೆದಿದೆ. ಆಕ್ಸ್‌ಫರ್ಡ್‌ನವರು ಕಸಿಗೆ ಬೇಡವಾದ ಕಿಡ್ನಿಗಳನ್ನು 24 ಗಂಟೆ ನಡೆಸಿ 2019ರಲ್ಲಿ ಬರೆದರು. ಅವರ ಉಪಾಯ ಕೇಳಿದರೆ ಮೊದಲು ಮುಖ ಸಿಂಡರಿಸುತ್ತೀರಿ. ಕಿಡ್ನಿ ಮಾಡಿದ ಮೂತ್ರವನ್ನೇ ಮತ್ತೆ ರಕ್ತಕ್ಕೆ ಸೇರಿಸುವುದು. ನಾವು ಹೋದ ಮೂತ್ರದ ಅಳತೆಗೆ ಸರಿಯಾಗಿ ರಿಂಗರ್ ಸುರಿಯುತ್ತಾ ಕೂರುತ್ತೇವೆ, ಒಂದು ಗಂಟೆಗೆ ಅದು ಸಾಕು. ಇಪ್ಪತ್ತನಾಲ್ಕು ಗಂಟೆ ಹಾಗೆ ಸುರಿದರೆ ಉಪ್ಪಿನ ಲೆಕ್ಕವೆಲ್ಲ ಹದಗೆಡುತ್ತದೆ. ಮೂತ್ರ ಹಿಂದಿರುಗಿಸಿದರೆ ಸೋಡಿಯಂ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಸುಲಭದ್ದೇ, ಆದರೆ ಹೊಳೆಯಬೇಕಲ್ಲ. ಈ ದಾರಿ ಗಟ್ಟಿಯಾದರೆ ನಾನೇ ಕೂತು ಅಂಕ ತಿದ್ದುತ್ತೇನೆ. ಬೆಳಗಿನ ಜಾವದ ಕಸಿಯನ್ನು ಬೆಳಗ್ಗೆ ಒಂಬತ್ತಕ್ಕೆ, ನಿದ್ದೆ ಮಾಡಿ ಬಂದ ಸರ್ಜನ್ ಕೈಯಲ್ಲಿ ಮಾಡಿಸಬಹುದು. ಬರೀ ಅಷ್ಟಕ್ಕೇ ಅರ್ಧ ಅಂಕ ಕೊಡಲು ನಾನು ಸಿದ್ಧ.

ಫೋನಿನ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು. ನಿಮ್ಮ ಯೂನಿಟ್‌ಗೆ ಬರುವ ಕಿಡ್ನಿಗಳಲ್ಲಿ ಅನುಮಾನದವು ಎಷ್ಟು, ಹಾಗೆ ಅನುಮಾನಪಟ್ಟು ಕೈಬಿಟ್ಟವು ಎಷ್ಟು, ಹಳೆ ರಿಜಿಸ್ಟರ್ ತೆಗೆದು ಎಣಿಸು. ತಿಂಗಳಿಗೆ ಒಂದೂ ಇಲ್ಲದಿದ್ದರೆ ಬೇಡ, ಕೈಗೆ ಅಭ್ಯಾಸ ತಪ್ಪಿದರೆ ಈ ಯಂತ್ರ ಅಪಾಯ. ಇದ್ದರೆ ತರಿಸು, ಆದರೆ ಜನ ತಯಾರು ಮಾಡಿಕೊಂಡು ತರಿಸು. ಗ್ಯಾಸ್ ಅಲಾರಂ ಇದೆಯೇ ಎಂದು ಡೆಮೊ ದಿನವೇ ಸಿಲಿಂಡರ್ ಮುಚ್ಚಿ ನೋಡು. ಮಾರಲು ಬಂದವರು ಬಾಯಲ್ಲಿ ಇದೆ ಎಂದರೆ ನಂಬಬೇಡ.

ಹೋದ ವಾರ ಒಬ್ಬನೇ ದಾನಿಯ ಎರಡೂ ಕಿಡ್ನಿ ನಮಗೇ ಬಂದವು. ಎಡದ್ದಕ್ಕೆ ಮಚ್ಚೆ ಇತ್ತೆಂದು ಪಂಪಿಗೆ ಹಾಕಿದೆ, ಅಂಕ ಎರಡು. ಬಲದ್ದು ನೇರ ಐಸಿನಿಂದ ಹೋಯಿತು. ಬೆಚ್ಚಗಿದ್ದದ್ದನ್ನೂ ಕೊನೆಗೆ ತಣ್ಣಗಿನ ದ್ರಾವಣದಿಂದ ತೊಳೆದು ಮತ್ತೆ ಐಸಿಗೇ ಹಾಕಿ ಪಕ್ಕದ ಥಿಯೇಟರಿಗೆ ಒಯ್ಯುತ್ತೇವೆ, ನೋಡಿದವರಿಗೆ ನಗು ಬರುತ್ತದೆ. ಎರಡೂ ಕಸಿ ಚೆನ್ನಾಗಿ ಆದವು, ಎರಡೂ ಕಿಡ್ನಿ ಮಲಗಿದವು. ಮೂರನೇ ದಿನ ಎಡದ್ದು ಹಾಕಿಸಿಕೊಂಡ ಅಜ್ಜ ನನ್ನನ್ನು ಕರೆಸಿದರು. ಯಂತ್ರದ ವಿಷಯ ಒಪ್ಪಿಗೆ ಪತ್ರದಲ್ಲಿ ಓದಿದ್ದರಂತೆ.

"ಪಂಪು ನಡೆಸಿದ್ದು ನೀನೇನಮ್ಮ?"

"ಹೌದಜ್ಜ."

"ಅಲ್ಲಿ ಉಚ್ಚೆ ಹೊಯ್ದಿತ್ತಾ ಅದು?"

"ಹೊಯ್ದಿತ್ತು. ಗಂಟೆಗೆ ಅರವತ್ತು ಎಂಎಲ್."

"ಹಾಗಾದ್ರೆ ಇಲ್ಲೂ ಹೊಯ್ಯುತ್ತೆ ಬಿಡು. ಹೊಸ ಜಾಗ, ನಾಚಿಕೆ ಅದಕ್ಕೆ" ಎಂದು ಹೇಳಿ, ಡ್ರಿಪ್ಪಿನ ಕೈ ಜೋಪಾನ ಮಾಡಿಕೊಂಡು ಮಗ್ಗುಲು ತಿರುಗಿ ಮಲಗಿದರು.